ಯೇವೂರಿನ ಗುಡ್ಡಕ್ಕೆ ಯಾವ ಅಂಗಿ?

ನಾನು ಮೊದಲ ಸಲ ಮನೆ ಬಿಟ್ಟು ಹೊರಟಿದ್ದು ಒಂದು ನಾಗರ ಪಂಚಮಿಯ ದಿನ. ಓಣಿಯ ಹುಡುಗರೆಲ್ಲ ಜೋಕಾಲಿಗೆ ಮುತ್ತಿಕೊಂಡಿದ್ದರು. ನಾನು ಸಾಲಿಯ ಚೀಲವನ್ನು ಗೂಟಕ್ಕೆ ತೂಗುಹಾಕಿ, ಅವ್ವ ಕೊಟ್ಟ ಅಳ್ಳಿನ ಉಂಡಿ ಕಿಸೆಯಲ್ಲಿಟ್ಟುಕೊಂಡು ಹುಬ್ಬಳ್ಳಿಯ ಸ್ಟೇಶನ್ನಿಗೆ ಹೋದೆ. ಆ ಚೀಲವನ್ನು ಮತ್ತೆ ಮುಟ್ಟಲಿಲ್ಲ. ಮಿರಜ, ಸೊಲ್ಲಾಪುರ, ಪುಣೆ ಎಂದು ಸುತ್ತಿ, ಎಪ್ಪತ್ತರ ದಶಕದಲ್ಲಿ ಡೊಂಬಿವಲಿಯ ಸೋದರಮಾವನ ಕಟ್‌ಪೀಸ್ ಅಂಗಡಿಗೆ ಬಂದು ಬಿದ್ದೆ. ಗದ್ದಿಯ ಮೇಲೆ ಕೂರು ಎಂದ ಮಾಮಾ. ಕೂತೆ. ಮಧ್ಯಾಹ್ನದ ಹೊತ್ತಿಗೆ ಕಾಲು ಜೋಮು ಹಿಡಿಯಿತು. ಕೊನೆಗೆ ಅವನೇ ಬೇಸತ್ತು ಒಂದು ಅರಿವೆಯ ಗಂಟು, ಒಂದು ಹಳೆಯ ಸೈಕಲ್ಲು ಕೊಟ್ಟು, "ಠಾಣೆಕ ಹೋಗಿ ಮಾರ್ಕೊಂಡು ಬಾ" ಎಂದ.

ಅರಿವೆ ಮಾರುವವನ ಬದುಕೇ ಹೀಗೆ. ಅವನು ಗಂಟು ಬಿಚ್ಚಿದ ಕಡೆಯೆಲ್ಲ ಜನ ತಮ್ಮ ಸಂಸಾರವನ್ನೂ ಬಿಚ್ಚುತ್ತಾರೆ. ಬೇಡ ಎಂದರೂ ಇಂಥ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ. ಇವೆಲ್ಲ ಒಂದೇ ಬೇಸಿಗೆಯವು.

೧. ಹೊಳೆಯುವ ಅಂಗಿ

ಠಾಣೆ ಸ್ಟೇಶನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನ ಹಿತ್ತಲಿನಲ್ಲಿ ನನ್ನ ಸೈಕಲ್ಲು ಇರುತ್ತಿತ್ತು. ಅಲ್ಲಿಯ ಕ್ಯಾಶಿಯರ್ ನನ್ನ ದೋಸ್ತ. ದುಂಡನೆಯ ಮೈ, ದುಂಡನೆಯ ಮುಖ, ಮನಸ್ಸೂ ದುಂಡಗೇ. ಅವನಿಗೆ ವಾಗ್ಳೆ ಎಸ್ಟೇಟಿನ ಕಾರ್ಖಾನೆಯ ಒಬ್ಬ ಫೋರ್‌ಮನ್ನರ ಮಗಳ ಮೇಲೆ ಮನಸ್ಸಾಗಿತ್ತು. ಹುಡುಗಿಗೂ ಇತ್ತು. ಫೋರ್‌ಮನ್ನರು ನಮ್ಮ ಧಾರವಾಡ ಕಡೆಯವರು, ಇವನು ಕುಂದಾಪುರದ ಕಡೆಯವನು. ಮಠ ಒಂದೇ, ಮಾತು ಬೇರೆ. ಅದಕ್ಕೇನೂ ಅಡ್ಡಿ ಬರಲಿಲ್ಲ. ಅಡ್ಡಿ ಬಂದದ್ದು ಗುಡ್ಡ.

ಫೋರ್‌ಮನ್ನರಿಗೆ ಸೈಕಲ್ಲಿನ ಹುಚ್ಚು. ಪ್ರತಿ ರವಿವಾರ ಕಾರ್ಖಾನೆಯ ನಾಲ್ಕಾರು ಫಿಟ್ಟರುಗಳನ್ನು ಕಟ್ಟಿಕೊಂಡು ಯೇವೂರಿನ ಗುಡ್ಡ ಹತ್ತುವವರು. ಗೇರು ಗೀರು ಏನೂ ಇಲ್ಲ, ಹಾಲಿನವರು ಓಡಿಸುವಂಥ ಕರೀ ಸೈಕಲ್ಲುಗಳೇ. ಕ್ಯಾಶಿಯರ್‌ಗೆ ಅವರು ಹೇಳಿದ್ದು ಇಷ್ಟು: "ಕೆಳಗ ಎಲ್ಲಾರೂ ಛಲೋನೇ ಇರ್ತಾರ. ಏರು ಹತ್ತುವಾಗ ಮನಶ್ಯಾನ ಖರೇ ಗುಣ ಹೊರಗ ಬರ್ತದ. ಯಾವ ರವಿವಾರ ನೀ ಸಿಟ್ಟಾಗದ ತುದೀ ಮುಟ್ಟತೀ, ಆ ರವಿವಾರ ಲಗ್ನದ ಮಾತು ಮುಗೀತು. ಮಳಿಗಾಲ ಹಿಡದ್ರ ಪುಣೇದ ಹುಡುಗನ್ನ ನೋಡತೇನಿ."

ಕ್ಯಾಶಿಯರ್ ಓಡಿ ಬಂದು ನನ್ನ ಗಂಟಿನ ಮೇಲೆ ಬಿದ್ದ. "ಮಾರಾಯಾ, ಒಂದು ಒಳ್ಳೆ ಅಂಗಿಬಟ್ಟೆ ಕೊಡು. ನಾನು ಎದ್ದು ಕಾಣಬೇಕು."

ಆಗ ಟೆರಿಲೀನಿನ ಕಾಲ. ತೊಳೆದು ಕೊಡವಿದರೆ ಆಯಿತು, ಇಸ್ತ್ರಿ ಬೇಡ, ಹೊಳಪು ಹೋಗದು. ಆಕಾಶ ಬಣ್ಣದ್ದು ಕೊಟ್ಟೆ. ಆನೆಕಿವಿಯ ಕಾಲರು, ಮಣಿಕಟ್ಟಿಗೆ ಬಿಗಿ ಗುಂಡಿ, ಪೂರ್ತಿ ತೋಳು ಹಾಕಿಸಿ ಹೊಲಿಸಿದ. ರವಿವಾರ ಸಲಹೆಗಾರನೆಂದು ನನ್ನನ್ನೂ ಗುಡ್ಡಕ್ಕೆ ಎಳೆದುಕೊಂಡು ಹೋದ.

ಟೆರಿಲೀನಿನ ಒಂದು ಗುಣ ನನಗೂ ಗೊತ್ತಿರಲಿಲ್ಲ. ಬೆವರು ಒಳಗಿನಿಂದ ಹೊರಗೆ ಬರುವುದೇ ಇಲ್ಲ. ಮೊದಲನೆಯ ತಿರುವಿನಲ್ಲಿ ಅವನು ಇಡ್ಲಿ ಪಾತ್ರೆಯ ಹಾಗೆ ಉಸಿರು ಬಿಡುತ್ತಿದ್ದ. "ಹ್ಯಾಂಗದ?" ಎಂದೆ.

"ನಿನ್ನ ಟೆರಿಲೀನಿಗೆ ಬೆಂಕಿ ಬೀಳ!"

ಮುಂದಿದ್ದ ಫೋರ್‌ಮನ್ನರು ಬ್ರೇಕು ಹಾಕಿದರು. ಇವನು ಹೌಹಾರಿ, ಸೈಕಲ್ಲಿನಿಂದ ಇಳಿದು, ಕೈಯೆತ್ತಿ ಮುಗಿದು, ಮತ್ತೆ ಕೆಳಗೆ ಬಿಟ್ಟ. ಅಷ್ಟೇ ಸಾಕಾಯಿತು. ಎರಡೂ ತೋಳಿನ ಬಾಯಿಂದ ಬೆವರು ಧಾರೆಯಾಗಿ ಇಳಿದು ಅವರ ಬೂಟು ತೊಯ್ಯಿಸಿತು.

ಫೋರ್‌ಮನ್ನರು ಬೂಟು ನೋಡಿಕೊಂಡು ಹೇಳಿದರು: "ನಮ್ಮ ಚಾಳಿನ ನಳದಾಗ ಬೆಳಗ್ಗೆ ಇಷ್ಟು ನೀರು ಬಂದಿದ್ರ ನಾ ಜಳಕಾ ಮಾಡಿ ಬರ್ತಿದ್ದೆ."

೨. ಗಂಜಿ

ಮುಂದಿನ ವಾರ ಪಾಪ್ಲಿನ್ ಕೊಟ್ಟೆ. ಹತ್ತಿಯದು, ಬೆವರು ಹೀರುತ್ತದೆ, ತೋಳು ಗಿಡ್ಡ ಹೊಲಿಸು ಎಂದೆ. ಎಲ್ಲ ಹೇಳಿದಂತೆಯೇ ಮಾಡಿದ. ಆದರೆ ಹೊಲಿದು ಬಂದ ಅಂಗಿ ಮೆತ್ತಗೆ ಜೋತುಬಿದ್ದದ್ದು ಅವನ ಮನಸ್ಸಿಗೆ ಬರಲಿಲ್ಲ. ಮದುವೆಯಾಗುವ ಗಂಡು ಒದ್ದೆ ಹಪ್ಪಳದ ಹಾಗೆ ಹೋಗುವುದುಂಟೇ? ನನಗೆ ಹೇಳದೆ ಗಂಜಿ ಹಾಕಿದ. ಅಂಗಡಿಯ ಗಂಜಿ ಅಲ್ಲ. ಹೋಟೆಲಿನ ಹುಡುಗರ ಊಟಕ್ಕೆ ಬೇಯಿಸಿದ ಕುಚ್ಚಲಕ್ಕಿ ಗಂಜಿಯ ತಿಳಿ, ಉಪ್ಪು ಹಾಕಿದ್ದು.

ಹೊರಟಾಗ ಅಂಗಿ ಪೆಡಲಿಗೊಮ್ಮೆ ಚರ್ ಚರ್ ಎನ್ನುತ್ತಿತ್ತು. ಅರ್ಧ ಏರಿಗೆ ಶಬ್ದ ನಿಂತಿತು. ಬೆವರಿಗೆ ಗಂಜಿ ಕರಗಿ, ಬೆನ್ನಿಗೆಲ್ಲ ಅಂಟಿ, ಅಂಗಿ ಮತ್ತೆ ಅಡುಗೆಯಾಗಿತ್ತು. ಆದರೂ ಅವನು ನಗುತ್ತಲೇ ಇದ್ದ. ಆದಿವಾಸಿಗಳ ಕೇರಿಯ ಹತ್ತಿರ ನೀರು ಕುಡಿಯಲು ನಿಂತಾಗ ಒಂದು ಆಕಳು ಬಂದು ಅವನ ಬೆನ್ನು ನೆಕ್ಕಿತು. ಉಪ್ಪಿನ ರುಚಿ ಹತ್ತಿತು ನೋಡಿ, ಬಿಡಲೊಲ್ಲದು. ಹೆಗಲು ಮುಗಿಸಿ ಕಂಕುಳಿಗೆ ಬಂತು. ಅವನು ಸರಿದ ಕಡೆ ಅದೂ ಸರಿಯಿತು. ಮರಳುಕಾಗದದಂಥ ಆ ನಾಲಿಗೆಯನ್ನು ಎಷ್ಟು ಹೊತ್ತು ತಡೆಯುತ್ತಾನೆ? ಕೊನೆಗೆ ತಿರುಗಿ, ಹೋಟೆಲಿನ ಹುಡುಗರಿಂದ ಕಲಿತ ತುಳುವಿನಲ್ಲಿ ಗುಡುಗಿದ. ಆಕಳು ಬಾಲ ಎತ್ತಿ ಓಡಿತು.

ಫೋರ್‌ಮನ್ನರಿಗೆ ತುಳು ಬಾರದು. "ಏನಂದಿ ಅದಕ್ಕ?" ಎಂದು ಕೇಳಿದರು.

"ಏನಿಲ್ಲ ರಾಯರೇ. ಗೋಮಾತೆ ಅಲ್ಲವಾ, ಹೋಗಿ ಬಾ ತಾಯಿ ಅಂದೆ."

"ತಾಯಿಗೇ ಹಿಂಗ ಒದರಾಂವ," ಎಂದರು ಫೋರ್‌ಮನ್ನರು, "ಅತ್ತೀಗೆ ಏನಂತಾನೋ."

೩. ಬೆನ್ನ ಮೇಲಿನ ಬರಹ

ಮೂರನೆಯದಕ್ಕೆ ನಾನು ಮಾಮಾನ ಅಂಗಡಿಯ ಕಪಾಟನ್ನೇ ಜಾಲಾಡಿ ಒಂದು ಮಲ್ಮಲ್ ತುಂಡು ತಂದೆ. ಬೀಸಣಿಗೆಯೇ ಬೇಡ, ತೊಟ್ಟರೆ ಗಾಳಿ. ಕಟ್‌ಪೀಸ್ ಅಂದ ಮೇಲೆ ಅರಿವೆಯ ಸುರುಳಿಯ ತುದಿ, ಎಳೆ ತಪ್ಪಿದ ಮಾಲು ಇರುವುದೇ. ಆ ತುಂಡಿನ ಮೂಲೆಗೆ ಮಿಲ್ಲಿನವರ ನೇರಳೆ ಮುದ್ರೆ ಬಿದ್ದಿತ್ತು. ಕಲ್ಯಾಣದ ದರ್ಜಿ ಜಾಣ. ಹೆಗಲಿನ ಪಟ್ಟಿ ಎರಡು ಪದರ ಇರುತ್ತದಲ್ಲ, ಅದರ ಒಳಪದರಕ್ಕೆ ಮುದ್ರೆ ಬರುವಂತೆ ಕತ್ತರಿಸಿದ. "ಕುಣಾಲಾ ದಿಸಣಾರ್ ನಾಹೀ," ಯಾರಿಗೂ ಕಾಣುವುದಿಲ್ಲ ಎಂದ. ಒಣಗಿದ್ದಾಗ ಕಾಣಲೂ ಇಲ್ಲ.

ಅವತ್ತು ಕ್ಯಾಶಿಯರ್ ಹಕ್ಕಿಯ ಹಾಗೆ ಏರಿದ. ಫೋರ್‌ಮನ್ನರನ್ನೂ ದಾಟಿ ಮುಂದೆ ಹೋದ. ಹಾಡು ಬೇರೆ. ತುದಿ ಕಣ್ಣಿಗೆ ಕಾಣುತ್ತಿತ್ತು. ಇವತ್ತು ಮುಗಿಯಿತು, ಮದುವೆಗೆ ನನಗೊಂದು ಧೋತರ ಗ್ಯಾರಂಟಿ ಎಂದುಕೊಂಡೆ. ಆಗ ಹಿಂದಿನಿಂದ ಒಬ್ಬ ಫಿಟ್ಟರ್ ಕಿಸಕ್ಕೆಂದ. ಇನ್ನೊಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕರು. ತನ್ನ ದುಂಡು ಮೈಯನ್ನು ನೋಡಿ ನಗುತ್ತಿದ್ದಾರೆಂದು ಇವನಿಗೆ ಅನಿಸಿತು. ಸೈಕಲ್ಲು ನಿಲ್ಲಿಸಿ ತಿರುಗಿ, "ಎಂತದು ನಗೆ? ನೀವೇನು ತೆಳ್ಳಗಿದ್ದೀರಾ?" ಎಂದು ಅಬ್ಬರಿಸಿಬಿಟ್ಟ.

"ನಾವು ಮೈ ನೋಡಿ ನಗಲಿಲ್ಲಪಾ," ಎಂದರು ಫೋರ್‌ಮನ್ನರು. "ಅಂಗಿ ಓದಿ ನಕ್ವಿ."

ಬಿಚ್ಚಿ ನೋಡಿದ. ಬೆವರಿಗೆ ತೊಯ್ದು ಪಾರದರ್ಶಕವಾದ ಮಲ್ಮಲ್ಲಿನಲ್ಲಿ, ಎರಡು ಹೆಗಲಿನ ನಡುವೆ, ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಸ್ಪಷ್ಟವಾಗಿತ್ತು: ಡ್ಯಾಮೇಜ್ಡ್.

ಆ ರವಿವಾರವೂ ಹೋಯಿತು. ಆದರೆ ಇಳಿಯುವಾಗ ಫೋರ್‌ಮನ್ನರು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: "ಹುಡುಗ ಸಿಟ್ಟಿನಾಂವ ಇದ್ದಾನು. ಆದರ ಏನೂ ಮುಚ್ಚಿಡೋ ಪೈಕಿ ಅಲ್ಲ."

೪. ಹುಡುಗಿಯ ಆಯ್ಕೆ

ಅದಾದ ಮೇಲೆ ನಾನು ಫೋರ್‌ಮನ್ನರ ಚಾಳಿಗೆ, ಒಂದೇ ನಳದ ಆ ಸಾಲುಮನೆಗಳಿಗೆ, ಗಂಟು ಹೊತ್ತು ಹೋದೆ. ಅವರು ಪಾಳಿಗೆ ಹೋಗಿದ್ದರು, ಅವರ ಮನೆಯವರು ನಳದ ಹತ್ತಿರ ಇದ್ದರು. ಮಗಳು ಬಾಗಿಲಿಗೆ ಬಂದಳು. ಠಾಣೆಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಶುರು ಮಾಡಿದರೆ ಮರಾಠಿಯಲ್ಲಿ ಮುಗಿಸುತ್ತಿದ್ದಳು.

"ಅಪ್ಪಾಗ ಶರ್ಟ್ ಪೀಸ್ ಪಾಹಿಜೆ," ಬೇಕು ಎಂದಳು.

ಮೆತ್ತನೆಯ ವಾಯಲ್ ತೆಗೆದೆ. ಮೊಳಕೈಯ ಒಳಗಿನ ಚರ್ಮಕ್ಕೆ ಉಜ್ಜಿ ನೋಡಿ, "ಹೇ ನಕೋ" ಎಂದಳು. ಪಾಪ್ಲಿನ್ ಉಜ್ಜಿದಳು. ಬೇಡ. ಕೇಂಬ್ರಿಕ್ ಉಜ್ಜಿದಳು. ಬೇಡ.

"ಎಂಥಾದ್ದು ಬೇಕವ್ವಾ?"

"ಟೋಚಣಾರಾ."

ಚುಚ್ಚುವಂಥದ್ದು! ಇಷ್ಟು ವರ್ಷದಲ್ಲಿ ಇಂಥ ಗಿರಾಕಿಯನ್ನು ನಾನು ಕಂಡಿರಲಿಲ್ಲ. ಗಂಟಿನ ತಳದಲ್ಲಿ, ಬೆಳ್ಳಿ ಜರಿಯ ಎಳೆ ಓಡಿಸಿದ ಒಂದು ನೈಲಾನ್ ತುಂಡಿತ್ತು. ಊರೆಲ್ಲ ಸುತ್ತಿ ಯಾರಿಗೂ ಬೇಡವಾದದ್ದು. ಅವಳು ಉಜ್ಜಿದಳು. ಚರ್ಮ ಕೆಂಪಾಯಿತು. ಮುಖ ಅರಳಿತು.

"ಅಪ್ಪಗ ಇಷ್ಟ ತ್ರಾಸ ಯಾಕ?" ಎಂದೆ.

"ಪರೀಕ್ಷಾ ಅಪ್ಪಾನೇ ತಗೋಬೇಕು ಅಂತ ಕುಠೇ ಲಿಹಿಲಂಯ್?" ಎಲ್ಲಿ ಬರೆದಿದೆ ಎಂದು ಕೇಳಿ, ತುಂಡನ್ನು ಮಡಚಿ ಒಳಗಿಟ್ಟಳು. ಆಮೇಲೆ ಹೊಸ್ತಿಲ ಮೇಲೆ ನಿಂತು, "ಆಣಿ ತುಮ್ಚ್ಯಾ ದೋಸ್ತಾಲಾ ಹೇಳ್ರಿ, ಹೊಸಾ ಅಂಗಿ ಬ್ಯಾಡ. ಮನ್ಯಾಗ ಹಾಕ್ಕೊಳ್ಳೋದು ಹಾಕ್ಕೊಂಡು ಬಾ ಅಂತ. ನೀವು ಮಾತ್ರ ಇನ್ನ ಏನೂ ಸಲಹಾ ಕೊಡಬ್ಯಾಡ್ರಿ," ಎಂದಳು.

೫. ಕಡೆಯ ರವಿವಾರ

ಮೋಡ ಕವಿದಿತ್ತು. ಎಲೆ ಅಲ್ಲಾಡದ ಧಗೆ. ಮುಂದಿನ ವಾರ ಮಳೆ ಹಿಡಿಯುವುದು ಖಂಡಿತ. ಫೋರ್‌ಮನ್ನರು ದಸರಾ ಬ್ಯಾಂಡಿನವರ ಹಾಗೆ ಮಿಂಚುತ್ತ ಬಂದರು. "ಮಗಳು ಕೊಡಿಸ್ಯಾಳ," ಎಂದು ಎಲ್ಲರಿಗೂ ತೋರಿಸಿದರು. ಕ್ಯಾಶಿಯರ್ ಅಡುಗೆಮನೆಯಲ್ಲಿ ತೊಡುವ ಮೈದಾ ಚೀಲದ ಅಂಗಿಯಲ್ಲಿದ್ದ. ಒಗೆದು ಒಗೆದು ಅದು ಬೆಣ್ಣೆಯಂತಾಗಿತ್ತು.

ಮೊದಲ ತಿರುವಿನಲ್ಲಿ ಫೋರ್‌ಮನ್ನರು ಕುತ್ತಿಗೆ ತುರಿಸಿಕೊಂಡರು. ಎರಡನೆಯದರಲ್ಲಿ ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದಿದ್ದರು. ಆಮೇಲೆ ಒಬ್ಬ ಫಿಟ್ಟರಿಗೆ ಬೈದರು, ಗಂಟೆ ಯಾಕೆ ಬಾರಿಸಿದಿ ಎಂದು. ಅವನು ಗಂಟೆ ಬಾರಿಸಿರಲಿಲ್ಲ, ಅವನ ಸೈಕಲ್ಲಿಗೆ ಗಂಟೆಯೇ ಇರಲಿಲ್ಲ. ಗುಡ್ಡಕ್ಕೆ ಬೈದರು. ಗುಡ್ಡ ಮಾಡಿದವನಿಗೆ ಬೈದರು. ಕೊನೆಗೆ ಇಳಿದು, ಸೈಕಲ್ಲನ್ನು ಕಾರೀಗಿಡದ ಪೊದೆಗೆ ಒಗೆದು, ಒಂದು ಬಂಡೆಗೆ ಬೆನ್ನು ಉಜ್ಜತೊಡಗಿದರು.

ಕ್ಯಾಶಿಯರ್ ತನ್ನ ಅಂಗಿ ಬಿಚ್ಚಿದ. "ರಾಯರೇ, ಇದು ಹಾಕಿಕೊಳ್ಳಿ. ಮೈದಾ ಚೀಲದ್ದು. ತೊಳೆದದ್ದು ಉಂಟು."

ಹಾಕಿಕೊಂಡರು. ಹರಳೆಣ್ಣೆ ಹಚ್ಚಿ ಬಿಸಿನೀರು ಹುಯ್ದುಕೊಂಡವರ ಹಾಗೆ ಕಣ್ಣು ಮುಚ್ಚಿ, "ಹಾ" ಎಂದರು. ಇವನು ಅವರ ಮಿಂಚುವ ಅಂಗಿಗೆ ತೂರಿಕೊಂಡ. ಗುಂಡಿ ಕೂಡಲಿಲ್ಲ. ಎದೆ ತೆರೆದುಕೊಂಡೇ, ತುರಿಸಿಕೊಳ್ಳದೇ, ನಗುತ್ತ ತುದಿಯವರೆಗೆ ಹತ್ತಿದ. ಮೇಲೆ ಮುಟ್ಟಿದಾಗ ಅವನ ಹೊಟ್ಟೆಯ ಮೇಲೆ ದದ್ದುಗಳ ಸಾಲು.

"ಸಿಟ್ಟು ಬರಲಿಲ್ಲೇನು?" ಫೋರ್‌ಮನ್ನರು ಕೇಳಿದರು.

"ಅವಳು ಆರಿಸಿದ ಬಟ್ಟೆ ಅಲ್ಲವಾ ರಾಯರೇ."

ಫೋರ್‌ಮನ್ನರು ಮೈದಾ ಚೀಲದ ಅಂಗಿಯ ತುದಿಯಿಂದ ಮುಖ ಒರೆಸಿಕೊಂಡರು. "ನನ್ನ ಸಿಟ್ಟು ನೋಡಿದಿ. ಆದರೂ ಈ ಮಾವ ಬೇಕಂತೀ?"

"ಗುಡ್ಡದಲ್ಲಿ ಮಾತ್ರ ಅಲ್ಲವಾ?"

"ಮನ್ಯಾಗ ಇದರ ದುಪ್ಪಟ್ಟು."

"ಅಡ್ಡಿಯಿಲ್ಲ. ನಾನು ಹೋಟೆಲಿನಲ್ಲಿ ಇರುವುದು."

ಮಾತು ಮುಗಿಯಿತು. ಫಿಟ್ಟರುಗಳು ಕ್ಯಾಶಿಯರ್‌ನನ್ನು ಎತ್ತಲು ನೋಡಿ, ಆಗದೆ, ಅವನ ಸೈಕಲ್ಲನ್ನು ಎತ್ತಿ ಕುಣಿದರು. ಮೈದಾ ಚೀಲದ ಅಂಗಿಯನ್ನು ಫೋರ್‌ಮನ್ನರು ವಾಪಸು ಕೊಡುವ ಮಾತೇ ಆಡಲಿಲ್ಲ. ಅದನ್ನು ನೀವಿಕೊಳ್ಳುತ್ತ ನನ್ನ ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈ ಹಾಕಿದರು.

"ಈ ಎಲ್ಲಾ ರವಿವಾರ ನೀನೂ ನಮ್ಮ ಜೋಡಿ ಹತ್ತೀದಿ. ಇಂವ ನಿನ್ನ ಅರಿವಿಗೆ ಬೈದ, ಇವರೆಲ್ಲಾ ನಕ್ರು. ನೀ ಒಮ್ಮೆನೂ ಸಿಟ್ಟಾಗಲಿಲ್ಲ."

"ನಾ ಅರಿವಿ ಮಾರಾಂವರಿ. ನಮಗ ಸಿಟ್ಟು ನಡಿಯಂಗಿಲ್ಲ."

"ಅದಕ್ಕ ಹೇಳಾಕತ್ತೇನಿ. ಬದಲಾಪುರದಾಗ ನನ್ನ ತಂಗೀ ಮಗಳಿದ್ದಾಳ. ನಿಮ್ಮ ಮಾಮಾಗ ನಿನ್ನೆನೇ ಹೇಳೇನಿ. ಅವರು ಅಂಗಡ್ಯಾಗ ಪೇಢಾ ಹಂಚ್ಯಾರಂತ."

ಅಷ್ಟೂ ವಾರಗಳಲ್ಲಿ ಆ ಗುಡ್ಡವನ್ನು ನಾನು ಅವತ್ತಿನಷ್ಟು ಜೋರಾಗಿ ಇಳಿದಿರಲಿಲ್ಲ. ಸಂಜೆ ಡೊಂಬಿವಲಿಯಲ್ಲಿ ಒಂದು ಲುಂಗಿ, ಎರಡು ಅಂಗಿ, ಕ್ಷೌರದ ಸಾಮಾನು ಚೀಲಕ್ಕೆ ತುರುಕುತ್ತಿದ್ದಾಗ ಮಾಮಾ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಇನ್ನೂ ಪೇಢಾದ ಪೊಟ್ಟಣವಿತ್ತು.

"ಮಳಿ ಬರೂಹಂಗ ಆಗೇದ. ಈಗೆಲ್ಲಿಗೆ ಹೊಂಟೀಪಾ?"

"ಗುಡ್ಡ ಇಲ್ಲದ ಊರಿಗೆ, ಮಾಮಾ," ಎಂದು ಒಂದು ಪೇಢಾ ತೆಗೆದುಕೊಂಡು ಚೀಲದ ಬಾಯಿ ಬಿಗಿದೆ.