ಮುಂದೆ, ಹಿಂದೆ, ತೋಳು, ಕಾಲರ್

ಎರಡೇ ಸೀಟಿನ ಕಾರು ತಂದ ಗಂಡಸು ಎರಡನೆಯ ಸೀಟಿನಲ್ಲಿ ಹೆಂಡತಿಯನ್ನು ಕೂರಿಸುತ್ತಾನೆ ಎಂದು ಟೈಲರಮ್ಮ ನಂಬಿದ್ದಳು. ಕಾರು ಬಂದು ಎಂಟು ತಿಂಗಳಾಗಿತ್ತು. ಅಷ್ಟರಲ್ಲಿ ಆ ಸೀಟಿನ ಮೇಲೆ ಒಂದು ಬ್ಯಾಟರಿ, ಎರಡು ಡಬ್ಬ ಪಾಲಿಶ್, ಒಮ್ಮೆ ರಿಪೇರಿಗೆ ಬಂದಿದ್ದ ಅಂಚೆ ಕಚೇರಿಯ ತೂಕದ ಯಂತ್ರ, ಎಲ್ಲವೂ ಕೂತು ಊರು ನೋಡಿ ಬಂದಿದ್ದವು. ತೂಕದ ಯಂತ್ರಕ್ಕೆ ಅವಳ ಗಂಡ ಸೀಟ್ ಬೆಲ್ಟ್ ಕೂಡ ಹಾಕಿದ್ದ. ಟೈಲರಮ್ಮನಿಗೆ ಇನ್ನೂ ಸರದಿ ಬಂದಿರಲಿಲ್ಲ.

ಗಂಡನ ಕಸುಬು ತಕ್ಕಡಿ ರಿಪೇರಿ. ಎದುರಿಗೆ ಬಂದವರ ತೂಕವನ್ನು ಕಣ್ಣಳತೆಯಲ್ಲೇ ಹೇಳಬಲ್ಲವನು. ಮದುವೆಯಾದ ಹೊಸದರಲ್ಲಿ ಹೆಂಡತಿಯ ತೂಕವನ್ನೂ ಒಮ್ಮೆ ಹೇಳಿ, ಮೂರು ದಿನ ತಾನೇ ಅಡುಗೆ ಮಾಡಿಕೊಂಡು ಉಂಡಿದ್ದ. ಅಂಥವನು ನಾಲ್ಕು ಕೈ ಬದಲಾದ ಕೆಂಪು ಕಾರೊಂದನ್ನು ತಂದ ದಿನದಿಂದ ಅದರ ಮುಂದೆ ಮೆತ್ತಗಾಗಿಬಿಟ್ಟಿದ್ದ. ಸಂಜೆ ಕೆಲಸದಿಂದ ಬಂದವನು ಮೊದಲು ಶೆಡ್ಡಿಗೆ ಹೋಗಿ ಬಾನೆಟ್ಟಿನ ಮೇಲೆ ಕೈ ಇಟ್ಟು, "ಏನು ಚಿನ್ನಾ, ಬಿಸಿಲು ಜೋರಿತ್ತಾ?" ಎನ್ನುತ್ತಿದ್ದ. ಇಡೀ ದಿನ ಮಷೀನು ತುಳಿದು ಕಾಲು ಸೇದಿಹೋದ ಟೈಲರಮ್ಮ ಕಿಟಕಿಯಿಂದ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಸೂಜಿಗೆ ದಾರ ಪೋಣಿಸುವಾಗ ನಾಲ್ಕು ಸಲ ತಪ್ಪುತ್ತಿತ್ತು.

ಅವಳ ಕೆಲಸವೂ ಒಂದು ಬಗೆಯದು. ದಿನಕ್ಕೆ ಹತ್ತು ಸಲ ಬೇರೆ ಹೆಂಗಸರ ಕಾಲ ಬುಡದಲ್ಲಿ ಮಂಡಿಯೂರಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಹೊಸ ಬಟ್ಟೆಯ ಅಂಚು ನೋಡಬೇಕು. ಕೊನೆಗೆ ತಲೆಯೆತ್ತಿ, "ಅಂಚು ಸಮ ಇದೆ. ನೆಲ ತಾಗಲ್ಲ. ಹೊರಡಬಹುದು" ಎನ್ನಬೇಕು. ಅವರು ಹೊರಡುತ್ತಿದ್ದರು. ಎಲ್ಲಿಗೆ ಎಂದು ಅವಳು ಕೇಳುತ್ತಿರಲಿಲ್ಲ.

ಆ ಶನಿವಾರ ಒಂದು ಭಾರದ ರಟ್ಟಿನ ಪೆಟ್ಟಿಗೆ ಬಂತು. ಸಹಿ ಹಾಕಿ ತೆಗೆದುಕೊಂಡ ಟೈಲರಮ್ಮ, ಹೊಸ ಮಷೀನಿನ ಮೋಟಾರಿರಬಹುದು ಎಂದು ಆಸೆಪಟ್ಟಳು. ತೆರೆದರೆ ನಾಲ್ಕು ಸ್ಪ್ರಿಂಗು.

"ಇದನ್ನ ಹಾಕಿದ್ರೆ ಕಾರು ಒಂದೂವರೆ ಇಂಚು ಕೆಳಗೆ ಕೂರುತ್ತೆ ಕಣೇ," ಗಂಡನ ಮುಖ ಅರಳಿತ್ತು.

"ಒಂದೂವರೆ ಇಂಚು ಇಳಿಸೋಕೆ ನನ್ನ ಹತ್ರ ಬಂದಿದ್ರೆ ಅರ್ಧ ಗಂಟೇಲಿ ಇಳಿಸ್ಕೊಡ್ತಿದ್ನಲ್ಲ."

"ನಾಳೆ ನಾನೇ ಹಾಕ್ತೀನಿ. ಸಂಜೆ ಮೊದಲನೇ ರೌಂಡು ನಿನ್ನ ಜೊತೆ. ಕೆರೆ ಸುತ್ತಿ ಬರೋಣ."

ಮೊದಲನೇ ರೌಂಡು! ಬೇರೆಯವರ ಬಟ್ಟೆಗಳ ಅಡಿಯಲ್ಲಿ ಹದಿನೈದು ದಿನದಿಂದ ಬಚ್ಚಿಟ್ಟು ಹೊಲಿಯುತ್ತಿದ್ದ ತಿಳಿನೀಲಿ ಡ್ರೆಸ್ಸಿಗೆ ಅವಳು ಅಂದೇ ಕೊನೆಯ ಗುಂಡಿ ಹಾಕಿದಳು. ತನಗೆಂದು ಹೊಲಿದುಕೊಂಡು ಆರು ವರ್ಷವಾಗಿತ್ತು.

ಭಾನುವಾರ ಬೆಳಗ್ಗೆ ಗಂಡ ಶೆಡ್ಡಿನಲ್ಲಿ ಎಲ್ಲ ಹರಡಿಕೊಂಡ. ನಾಲ್ಕು ಸ್ಪ್ರಿಂಗೂ ನೋಡಲು ಒಂದೇ ಥರ. ಎರಡು ಮಾತ್ರ ಬೆರಳಗಲ ಹೆಚ್ಚು ಉದ್ದ. ಪೆಟ್ಟಿಗೆಯಲ್ಲಿದ್ದ ಕಾಗದವನ್ನು ಕನ್ನಡಕವಿಲ್ಲದೆ ಓದಿ, ಹೆಂಡತಿಯ ಡಬ್ಬಿಗೆ ಕೈ ಹಾಕಿದ. ಕತ್ತರಿಸಿದ ಬಟ್ಟೆ ಬೆರೆಯದಿರಲೆಂದು ಅವಳು ಬರೆದಿಟ್ಟುಕೊಂಡಿದ್ದ ಬಿಳಿ ಪಟ್ಟಿಗಳು ಅದರಲ್ಲಿದ್ದವು. ಉದ್ದದ ಎರಡಕ್ಕೆ 'ಮುಂದೆ' ಕಟ್ಟಿದ, ಗಿಡ್ಡ ಎರಡಕ್ಕೆ 'ಹಿಂದೆ' ಕಟ್ಟಿದ. ಬಿಚ್ಚಿದ ಬೋಲ್ಟುಗಳ ಡಬ್ಬಕ್ಕೆ 'ತೋಳು', ನಟ್ಟುಗಳ ಡಬ್ಬಕ್ಕೆ 'ಕಾಲರ್'. ಎಲ್ಲವನ್ನೂ ಸಾಲಾಗಿಟ್ಟು ಫೋನಿನಲ್ಲಿ ಫೋಟೋ ತೆಗೆದ. ಮದುವೆ ಫೋಟೋದಲ್ಲೂ ಅವನು ಹಾಗೆ ನಕ್ಕಿರಲಿಲ್ಲ.

ಜಗಲಿಯಲ್ಲಿ ಕುರ್ಚಿ ಹಾಕಿಕೊಂಡಿದ್ದ ಅತ್ತೆ ಸೊಸೆಗೆ ಮೆಲ್ಲಗೆ ಹೇಳಿದರು: "ನಿಮ್ಮ ಮಾವನೂ ಹೀಗೇ ಒಂದು ದಿನ ರೇಡಿಯೋ ಬಿಚ್ಚಿದ್ರು. ವಾರ್ತೆ ಅರ್ಧ ಬಂದಿತ್ತು. ಇನ್ನರ್ಧ ಇವತ್ತಿಗೂ ಬಂದಿಲ್ಲ."

ಹತ್ತು ಗಂಟೆಗೆ ಮೊದಲ ಅನಾಹುತ. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕ್ಲಾಂಪು ಸರಿಯಾಗಿ ಕೂತಿರಲಿಲ್ಲ. ಹಳೆಯ ಸ್ಪ್ರಿಂಗೊಂದು, ಕೊನೆಯ ಗಂಟೆ ಹೊಡೆದಾಗ ಶಾಲೆಯ ಮಕ್ಕಳು ಹಾರುವಂತೆ ಹಾರಿ, ಕಾಂಪೌಂಡು ದಾಟಿ ಪಕ್ಕದ ಮನೆಯ ಹೂಕುಂಡಕ್ಕೆ ಬಿತ್ತು. ಆ ಮನೆಯಲ್ಲಿದ್ದವರು ನಿವೃತ್ತ ಸರ್ವೇಯರ್ ತಾತ. ಒಂದು ಕೈಯಲ್ಲಿ ಸ್ಪ್ರಿಂಗು, ಇನ್ನೊಂದು ಕೈಯಲ್ಲಿ ಅಳತೆ ಟೇಪು ಹಿಡಿದು ಬಂದರು.

"ಮೂವತ್ತೊಂದು ಅಡಿ ಹಾರಿದೆ ಕಣಯ್ಯಾ! ಅದಿರಲಿ, ಕಾರನ್ನ ಇಷ್ಟು ಇಳಿಸಿದ್ರೆ ನನ್ನ ಹಂಪು ದಾಟುತ್ತಾ?"

ಗಾಡಿಗಳ ವೇಗ ತಗ್ಗಿಸಲು ಬೀದಿಯ ತಿರುವಿನಲ್ಲಿದ್ದ ಹಂಪನ್ನು ಮೂರು ವರ್ಷ ಅರ್ಜಿ ಬರೆದು ಹಾಕಿಸಿದವರು ಅವರೇ. ಅದನ್ನು ಮಗನಂತೆ ನೋಡಿಕೊಳ್ಳುತ್ತಿದ್ದರು.

ಗದ್ದಲ ಕೇಳಿ ಎದುರುಮನೆಯಿಂದ ಇನ್ನೊಬ್ಬಳು ಬಂದಳು. ಅಲ್ಲಿಗೆ ಟೈಲರಮ್ಮನ ಹೊಟ್ಟೆಯಲ್ಲಿ ಒಲೆ ಹೊತ್ತಿತು.

ಎರಡು ತಿಂಗಳ ಹಿಂದೆ ಬಾಡಿಗೆಗೆ ಬಂದಿದ್ದ ಅವಳು ಕಾರು ಓಡಿಸುವುದನ್ನು ಕಲಿಸುವವಳು. ಬೀದಿಯವರೆಲ್ಲ ಡ್ರೈವಿಂಗ್ ಟೀಚರ್ ಎನ್ನುತ್ತಿದ್ದರು. ಸಣ್ಣಗಿದ್ದಳು, ಪ್ಯಾಂಟಿನ ಜೇಬಿನಲ್ಲೇ ಸ್ಪ್ಯಾನರ್ ಇಟ್ಟುಕೊಂಡಿದ್ದಳು. ಟೈಲರಮ್ಮನ ಅಂದಾಜಿನಲ್ಲಿ ಇಬ್ಬರಿಗೂ ಒಂದೇ ವಯಸ್ಸು. ಆದರೂ ಬಾಯಿ ತೆರೆದರೆ ಅಕ್ಕ.

"ಅಕ್ಕಾ, ಗಾಬರಿ ಆಯ್ತಾ? ಸರ್, ಕ್ಲಾಂಪು ಎದುರುಬದುರು ಹಾಕಿ. ಕಾರಿಗೆ ಬರೀ ಜಾಕ್ ಸಾಲದು, ನಾನು ಸ್ಟ್ಯಾಂಡ್ ತರ್ತೀನಿ."

ತಂದಳು. ಚಾಪೆ ಹಾಸಿಕೊಂಡು ಕಾರಿನಡಿಗೆ ಜಾರಿದಳು. ಹೊರಗಿನಿಂದ ನೋಡಿದರೆ ಒಂದೇ ಕಾರಿನಡಿಯಿಂದ ಎರಡು ಜೊತೆ ಕಾಲುಗಳು. "ಇನ್ನು ಸ್ವಲ್ಪ... ಹಾಂ, ಹಾಗೇ... ಭೇಷ್!" ಎಂಬ ಗಂಡನ ದನಿ. ಇಪ್ಪತ್ತೆರಡು ವರ್ಷ ತಾನು ಹೊಲಿದ ಷರಟು ತೊಟ್ಟು ಓಡಾಡಿದವನ ಬಾಯಲ್ಲಿ ಆ ಭೇಷ್ ಇತ್ತೆಂದೇ ಟೈಲರಮ್ಮನಿಗೆ ಗೊತ್ತಿರಲಿಲ್ಲ.

ಅವಳು ಕೆಟ್ಟವಳಾಗಿದ್ದರಾದರೂ ಎಷ್ಟು ಅನುಕೂಲವಾಗುತ್ತಿತ್ತು! ಅದೂ ಇಲ್ಲ. ನೀರು ಕೊಟ್ಟರೆ ಎದ್ದು ಕೂತು ಕುಡಿದು, ಲೋಟ ತೊಳೆದು ಬೋರಲು ಹಾಕಿ ಹೋಗುವವಳು. ಬೈಯಲು ಒಂದು ಎಳೆಯೂ ಸಿಗುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಳೆಯ ಸ್ಪ್ರಿಂಗು ನಾಲ್ಕೂ ಹೊರಬಂದವು. ಎಲ್ಲರೂ ಊಟಕ್ಕೆ ಕೂತರು.

"ಸರ್, ಮೊದಲನೇ ಸಲ ಓಡಿಸುವಾಗ ಎಲ್ಲಾದ್ರೂ ಕಟಕಟ ಅನ್ನುತ್ತಾ ಅಂತ ಕೇಳಿಸ್ಕೋಬೇಕು," ಅಂದಳು ಡ್ರೈವಿಂಗ್ ಟೀಚರ್.

"ಹಾಗಿದ್ರೆ ನೀವೇ ಪಕ್ಕದಲ್ಲಿ ಕೂತ್ಕೊಳ್ಳಿ," ಅಂದುಬಿಟ್ಟ ಗಂಡ. ಸಾರು ಬಡಿಸುತ್ತಿದ್ದ ಹೆಂಡತಿಯ ಕೈ ನಿಂತಿದ್ದು ನೋಡಿ, "ಎರಡನೇ ರೌಂಡು ನಿನ್ನ ಜೊತೆ ಕಣೇ. ಮೊದಲನೆಯದಾದ್ರೇನು, ಎರಡನೆಯದಾದ್ರೇನು?" ಎಂದ.

ಮೊದಲನೆಯದಾದರೇನು! ಟೈಲರಮ್ಮ ಸಾರಿನ ಪಾತ್ರೆ ಕೆಳಗಿಟ್ಟು ತುಂಬಾ ಮೆತ್ತಗೆ ಕೇಳಿದಳು, "ಅಲ್ಲ, ಮುಂದಿನ ಸ್ಪ್ರಿಂಗು ಹಿಂದೆ, ಹಿಂದಿನದು ಮುಂದೆ ಹಾಕಿದ್ರೆ ಏನಾಗುತ್ತೆ? ಅಪಾಯ ಏನಾದ್ರೂ?"

"ಅಪಾಯ ಏನಿಲ್ಲ ಅಕ್ಕಾ. ಕಾರು ಸೊಟ್ಟಗೆ ಕೂರುತ್ತೆ ಅಷ್ಟೇ. ನೋಡಿದ ತಕ್ಷಣ ಗೊತ್ತಾಗುತ್ತೆ. ರೋಡಿಗೆ ಇಳಿಸೋ ಹಾಗಿಲ್ಲ, ಎಲ್ಲಾ ಬಿಚ್ಚಿ ಮತ್ತೆ ಹಾಕ್ಬೇಕು. ಇನ್ನೊಂದು ದಿನದ ಕೆಲಸ."

"ಓ," ಅಂದಳು ಟೈಲರಮ್ಮ. "ಇನ್ನೊಂದು ಸ್ವಲ್ಪ ಅನ್ನ ಹಾಕ್ಲಾ?"

ಅವರು ಕೈ ತೊಳೆಯುವಷ್ಟರಲ್ಲಿ ಅವಳು ಶೆಡ್ಡಿನಲ್ಲಿದ್ದಳು. ಹಲ್ಲಿನಿಂದ ಗಂಟು ಬಿಚ್ಚಿ, 'ಮುಂದೆ' ಇದ್ದಲ್ಲಿ 'ಹಿಂದೆ', 'ಹಿಂದೆ' ಇದ್ದಲ್ಲಿ 'ಮುಂದೆ' ಕಟ್ಟಿದಳು. ಗಂಟು ಅಚ್ಚುಕಟ್ಟಾಗಿ ಬಂತು. ತಾನು ಕೂರದ ಸೀಟಿನಲ್ಲಿ ಇವತ್ತು ಯಾರೂ ಕೂರುವುದು ಬೇಡ. ವಾಸನೆ ಹಿಡಿಯುವ ನಾಯಿಯ ಹಾಗೆ ಮೂಗು ನೆಲಕ್ಕೆ ಹಚ್ಚಿ, ಹಿಂಭಾಗ ಎತ್ತಿ ನಿಲ್ಲಲಿ ಚಿನ್ನ!

ಗಂಡ ಪಟ್ಟಿಯನ್ನು ನಂಬುವ ಮನುಷ್ಯ. ತೂಕದ ಕಲ್ಲಿನ ಮೇಲೆ ಏನು ಕೆತ್ತಿದೆಯೋ ಅದೇ ಸತ್ಯ ಎಂದು ಬಾಳಿದವನು. ಪಟ್ಟಿ ನೋಡಿದ, ಹಾಕಿದ; ಪಟ್ಟಿ ನೋಡಿದ, ಹಾಕಿದ. ಟೈಲರಮ್ಮ ಒಳಗೆ ಕೂತು ಒಂದೇ ತೋಳನ್ನು ಎರಡು ಸಲ ಹೊಲಿದಳು. ಪಾಪ, ಬೆಳಗ್ಗಿನಿಂದ ಮೈ ಮುರಿದುಕೊಂಡಿದ್ದಾನೆ, ಹೇಳಿಬಿಡಲೇ ಎಂದು ಎದ್ದಳು. "ಭೇಷ್!" ಎಂದು ಹೊರಗಿನಿಂದ ಕೇಳಿಸಿತು. ಮತ್ತೆ ಕೂತಳು.

ಐದು ಗಂಟೆಗೆ ಚಕ್ರಗಳು ಕೂತು, ಜಾಕು ಇಳಿಯಿತು. ಬೀದಿಯಲ್ಲಿ ಹಿಂದೆ ಮುಂದೆ ಒಂದೆರಡು ಸಲ ಉರುಳಿಸಿ ನಿಲ್ಲಿಸಿದರು. ಟೈಲರಮ್ಮ ಕಣ್ಣು ಮುಚ್ಚಿಕೊಂಡಿದ್ದಳು.

"ಆಹಾ!" ಅಂದರು ಅತ್ತೆ. ಅವರು ಯಾವುದಕ್ಕೂ ಆಹಾ ಎನ್ನುವವರಲ್ಲ.

ಕಣ್ಣು ತೆರೆದರೆ, ಕಾರು ಸೊಟ್ಟಗಾಗುವುದಿರಲಿ, ಇಸ್ತ್ರಿ ಮಾಡಿದಂತೆ ನೆಲಕ್ಕೆ ತಗ್ಗಿ, ಹಿಂದೆಂದೂ ಇಲ್ಲದ ಚೆಲುವಿನಲ್ಲಿ ನಿಂತಿತ್ತು. ಸರ್ವೇಯರ್ ತಾತ ನಾಲ್ಕೂ ಮೂಲೆ ಅಳೆದರು. ಒಂದು ನೂಲಿನಷ್ಟೂ ವ್ಯತ್ಯಾಸವಿಲ್ಲ. ಟೈಲರಮ್ಮನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

ತಾತ ಅಷ್ಟಕ್ಕೇ ಬಿಡುವವರೇ? ಪೆಟ್ಟಿಗೆಯ ಕಾಗದ ತರಿಸಿ, ಭೂತಗನ್ನಡಿ ಹಿಡಿದು, ಸ್ಪ್ರಿಂಗಿನ ಮೇಲಿನ ನಂಬರಿಗೂ ಅದಕ್ಕೂ ತಾಳೆ ನೋಡಿದರು. "ಸರಿಯಾಗಿದೆ. ಗಿಡ್ಡದ್ದು ಮುಂದೆ, ಉದ್ದದ್ದು ಹಿಂದೆ."

"ತಪ್ಪು ತಾತಾ. ಉದ್ದದ್ದು ಮುಂದೆ," ಅಂದ ಗಂಡ.

"ಕನ್ನಡಕ ಹಾಕ್ಕೊಂಡು ಓದಯ್ಯಾ!"

ಗಂಡ ಓದಿದ. ಮುಖ ಬಿಳಿಚಿತು. ಫೋನು ತೆಗೆದು ಬೆಳಗ್ಗಿನ ಫೋಟೋ ನೋಡಿದ. ಉದ್ದದ ಸ್ಪ್ರಿಂಗಿನ ಕೊರಳಲ್ಲಿ 'ಮುಂದೆ' ಎಂಬ ಪಟ್ಟಿ ಸ್ಪಷ್ಟವಾಗಿತ್ತು. "ನಾನು ಕಟ್ಟಿದ್ದೇ ತಪ್ಪು! ಯಾರೋ ನೋಡಿ, ಬದಲಾಯಿಸಿ, ನನ್ನ ಮಾನ ಉಳಿಸಿದ್ದಾರೆ." ಸೀದಾ ಡ್ರೈವಿಂಗ್ ಟೀಚರ್ ಕಡೆ ತಿರುಗಿ ಕೈ ಮುಗಿದ. "ಒಂದು ಮಾತೂ ಆಡದೆ ಸರಿ ಮಾಡಿದ್ರಲ್ಲ ಮೇಡಂ! ಎಂಥಾ ದೊಡ್ಡ ಗುಣ!"

"ನಾನಲ್ಲ ಸರ್."

"ನೋಡಿ ನೋಡಿ, ಈಗಲೂ ಒಪ್ಕೊಳ್ತಿಲ್ಲ!"

ತಾನು ಮಾಡಿದ ಪಾಪ ಅವಳ ಪುಣ್ಯದ ಖಾತೆಗೆ ಹೋಗುವುದನ್ನು ಟೈಲರಮ್ಮನಿಂದ ತಡೆಯಲಾಗಲಿಲ್ಲ.

"ಅದು ನಾನು!"

ಎಲ್ಲರೂ ತಿರುಗಿದರು. ಗಂಡ ಬಾಯಿ ತೆರೆದವನು ಮುಚ್ಚಲಿಲ್ಲ. "ನೀನಾ? ನಿನಗೆ ಹೇಗೆ ಗೊತ್ತಾಯ್ತು?"

"ಇಪ್ಪತ್ತೈದು ವರ್ಷದಿಂದ ಬಟ್ಟೆ ಕತ್ತರಿಸ್ತಿದ್ದೀನಿ," ಟೈಲರಮ್ಮ ಗಲ್ಲ ಎತ್ತಿದಳು. "ಮುಂದೆ ಯಾವುದು, ಹಿಂದೆ ಯಾವುದು ಅಂತ ಗೊತ್ತಾಗಲ್ವಾ?"

ಗಂಡನ ಕಣ್ಣಲ್ಲಿ ನೀರಾಡಿತು. "ಭೇಷ್," ಅಂದ, ಮೆಲ್ಲಗೆ. "ಅಕ್ಕಾ, ನಿಮ್ಮ ಕಣ್ಣಿಗೆ ನಮಸ್ಕಾರ!" ಅಂದಳು ಡ್ರೈವಿಂಗ್ ಟೀಚರ್, ಒಂದಿಷ್ಟೂ ಕೊಂಕಿಲ್ಲದೆ. ಮಧ್ಯಾಹ್ನದ ಪ್ರಶ್ನೆ ಅವಳಿಗೆ ಈಗ ಬೇರೆಯೇ ಅರ್ಥ ಕೊಟ್ಟಿರಬೇಕು. "ಅದಕ್ಕೇ ಊಟದ ಹೊತ್ತಲ್ಲಿ ಕೇಳಿದ್ರಾ? ನಮಗೆ ಬೇಜಾರಾಗದ ಹಾಗೆ ಸೂಚನೆ ಕೊಟ್ರಿ!"

ಟೈಲರಮ್ಮ ವಿನಯದಿಂದ ತಲೆ ತಗ್ಗಿಸಿದಳು. "ಒಂದೇ ನಿಮಿಷ, ಬಂದೆ," ಎಂದು ಒಳಗೆ ಓಡಿದಳು. ಇನ್ನು ಆ ಸೀಟು ಯಾರದೆಂದು ಕೇಳುವ ಪ್ರಶ್ನೆಯೇ ಇರಲಿಲ್ಲ. ತಿಳಿನೀಲಿ ಡ್ರೆಸ್ಸು ತೊಟ್ಟಳು, ತಲೆ ಬಾಚಿದಳು, ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ಕಾರಿನಲ್ಲಿ ಕೂತವಳಂತೆ ಕತ್ತು ನೀಳ ಮಾಡಿ ನೋಡಿಕೊಂಡಳು.

ಹೊರಗೆ ಬಂದಾಗ ಇಂಜಿನು ಗುರುಗುಡುತ್ತಿತ್ತು. ಪಕ್ಕದ ಸೀಟಿನಲ್ಲಿ ಡ್ರೈವಿಂಗ್ ಟೀಚರ್ ಬೆಲ್ಟು ಹಾಕಿಕೊಂಡು ಕೂತಿದ್ದಳು.

ಗಂಡ ಕಿಟಕಿಯಿಂದ ತಲೆ ಹೊರಹಾಕಿ ಒಂದು ಚಾಪೆ ಚಾಚಿದ. "ಬಂದ್ಯಾ? ತಗೋ. ನಾವು ಹಂಪು ದಾಟುವಾಗ ಹೊಟ್ಟೆ ತಾಗುತ್ತಾ ಅಂತ ಕೆಳಗಿನಿಂದ ನೋಡ್ಬೇಕು. ಒಳಗೆ ಕೂತವರಿಗೆ ಅದೆಲ್ಲ ಕಾಣಲ್ಲ. ನಿನ್ನಂಥ ಕಣ್ಣು ಈ ಬೀದೀಲಿ ಇನ್ಯಾರಿಗಿದೆ ಹೇಳು?"

"ಮತ್ತೆ ಎರಡನೇ ರೌಂಡು?"

"ಎರಡನೆಯದಕ್ಕೆ ತಾತ. ಮೂರನೆಯದಕ್ಕೆ ಅಮ್ಮ. ತೂಕ ಏರಿಸ್ತಾ ಹೋಗ್ಬೇಕು, ಪ್ರತಿ ಸಲವೂ ನೀನು ನೋಡ್ಬೇಕು. ಮುಂದಿನ ಭಾನುವಾರ ಬ್ರೇಕು ಬಿಚ್ತೀನಿ. ನೀನಿಲ್ಲದೆ ಇನ್ನು ಮೇಲೆ ಒಂದು ಬೋಲ್ಟೂ ಮುಟ್ಟಲ್ಲ!"

ಆ ಮಾತಿನಲ್ಲಿ ಎಂಥ ಪ್ರೀತಿಯಿತ್ತೆಂದರೆ, ಬೈಯಲು ಅಲ್ಲೂ ಒಂದು ಎಳೆ ಸಿಗಲಿಲ್ಲ. "ನಾನು ಹೊಟ್ಟೆಕಿಚ್ಚಿಗೆ ಬದಲಾಯಿಸಿದ್ದು ಕಣ್ರೀ" ಎಂದರೆ ಮಾತ್ರ ಬಿಡುಗಡೆ. ನಾಲಿಗೆ ತುದಿಯವರೆಗೂ ಬಂತು. ಕಾರಿನೊಳಗಿಂದ ಅಕ್ಕಾ ಎಂದು ಕೈಬೀಸುತ್ತಿದ್ದವಳನ್ನು ನೋಡಿ ನುಂಗಿಕೊಂಡಳು.

ಟೈಲರಮ್ಮ ತಿರುವಿಗೆ ನಡೆದು, ಹಂಪಿನ ಪಕ್ಕ ಚಾಪೆ ಹಾಸಿ, ಹೊಸ ಡ್ರೆಸ್ಸಿನ ಅಂಚು ಮಡಚಿಕೊಂಡು ಮಂಡಿಯೂರಿದಳು. ಕೆನ್ನೆ ರಸ್ತೆಗೆ ತಾಗುವಷ್ಟು ಬಾಗಿದಳು. ಕೆಂಪು ಕಾರು ಮೆಲ್ಲಗೆ ಬಂದು ಹಂಪು ಹತ್ತಿತು, ಇಳಿಯಿತು. ಅಡಿಯಲ್ಲಿ ಎರಡು ಬೆರಳಿನಷ್ಟು ಬೆಳಕು ಉದ್ದಕ್ಕೂ ಕಾಣಿಸಿತು.

"ಹೇಗಿದೆಯೇ?" ಗಂಡ ಕೂಗಿದ.

ಅವಳು ತಲೆಯೆತ್ತಿದಳು.

"ಅಂಚು ಸಮ ಇದೆ. ನೆಲ ತಾಗಲ್ಲ. ಹೊರಡಬಹುದು."

ಅವರು ಹೊರಟರು.