ಸುಸಂಗತ ಸಂಸಾರ

ತೆರಿಗೆದಾರರ ದುಡ್ಡಿನಲ್ಲಿ ತಲೆನರೆತವರು ಬಿಡಿಬಿಡಿ ಪಾಠಗಳನ್ನು ಕಲಿತು ಪದವಿ ಕೇಳುವುದೆಂದರೆ, ಸಂತೆಯಿಂದ ಒಂದು ಹಿಡಿ ಸೊಪ್ಪು, ಅರ್ಧ ಕುಂಬಳಕಾಯಿ, ಒಂದು ಜೊತೆ ಚಪ್ಪಲಿ ತಂದು ಎಲೆಯ ಮೇಲೆ ಸುರಿದು ‘ಊಟಕ್ಕೆ ಏಳಿ’ ಎಂದ ಹಾಗೆ. ಇದು ಶ್ರೀಮಾನ್ ವಿಚಿತ್ ಅವರ ಅಚಲ ಅಭಿಪ್ರಾಯ. (ಥಾಯ್ ಭಾಷೆಯಲ್ಲಿ ಆ ಹೆಸರಿಗೆ ಅಂದಗಾರನೆಂದು ಅರ್ಥ. ಕೊನೆಗೊಂದು ‘ರ’ಕಾರದ ಒತ್ತು ಕೊಟ್ಟು ಓದುವ ಚಪಲ ಕನ್ನಡಿಗರಿಗಾದರೆ ತಪ್ಪು ಅವರದಲ್ಲ.)

ಉನ್ನತ ಶಿಕ್ಷಣವನ್ನು ಅಂಕೆಯಲ್ಲಿಡುವ ಕಚೇರಿಯೊಂದರಲ್ಲಿ ದುಡಿದು ನಿವೃತ್ತರಾಗುವ ಮುನ್ನ ಅವರು ಈ ಅಭಿಪ್ರಾಯಕ್ಕೆ ಕಾನೂನಿನ ಅಂಗಿ ತೊಡಿಸಿದ್ದರು. ವಯಸ್ಕರು ಸರ್ಕಾರದ ಖರ್ಚಿನಲ್ಲಿ, ತಮ್ಮ ಬಿಡುವಿನಲ್ಲಿ, ಯಾವ ವಿಶ್ವವಿದ್ಯಾಲಯದಲ್ಲಾದರೂ ಬಿಡಿ ಪಾಠಗಳನ್ನು ಕಲಿತು ಕೂಡಿಡಬಹುದು. ಆದರೆ ಹದಿನಾಲ್ಕನೆಯ ನಿಯಮದ ಪ್ರಕಾರ ಆ ಪಾಠಗಳೆಲ್ಲ ಸೇರಿ ಒಂದೇ ‘ಸುಸಂಗತ’ ವಿಷಯವಾಗತಕ್ಕದ್ದು. ಆ ವಿಷಯದಲ್ಲಿ ಗಳಿಸಿದ ಕೌಶಲಕ್ಕೆ ‘ಜೀವಂತ ಪುರಾವೆ’ ಒದಗಿಸತಕ್ಕದ್ದು. ‘ತಕ್ಕದ್ದು’ ಎಂಬ ಪದವನ್ನು ಬರೆದ ದಿನ ಅವರಿಗೆ ಆದ ಆನಂದ ಮದುವೆಯ ದಿನವೂ ಆಗಿರಲಿಲ್ಲ.

ಆ ಮದುವೆಯ ಇನ್ನೊಂದು ಪಕ್ಷವಾದ ಶ್ರೀಮತಿ ಲಮುನ್ ಒಂದು ದಿನ ಮೀನು ಉಜ್ಜುತ್ತಾ ಹೇಳಿದರು:

“ರೀ, ನಿಮ್ಮ ಆಫೀಸಿಂದ ಫೋನ್ ಬಂದಿತ್ತು. ನಂಗೆ ಪದವಿ ಕೊಡಲ್ವಂತೆ.”

“ಯಾಕಂತೆ?”

“ಪಾಠ ಎಲ್ಲಾ ಪಾಸು. ಆದ್ರೆ ಒಂದಕ್ಕೊಂದು ಕೂಡಲ್ವಂತೆ. ಅದೇನೋ ಹದಿನಾಲ್ಕನೇ ನಿಯಮ. ಯಾವ ಪುಣ್ಯಾತ್ಮ ಬರೆದ್ನೋ!”

ವಿಚಿತ್ ಕೆಮ್ಮಿದರು. “ಅದಕ್ಕೊಂದು ಸಮಿತಿ ಇತ್ತು.”

“ಸಮಿತೀಲಿ ಎಷ್ಟು ಜನ?”

“ಒಬ್ಬ.”

ಲಮುನ್ ಮೀನನ್ನು ಅದರ ಜನ್ಮ ಜಾಲಾಡುವಂತೆ ಉಜ್ಜಿದರು.

ನದಿ ದಂಡೆಯ ನೊಂತಬುರಿ ಊರಿನ ಆ ಮನೆಯ ನಡುಕೋಣೆಯಲ್ಲಿ, ಬುದ್ಧನ ಪೀಠದ ಕೆಳಗೆ, ಎರಡು ಫೋಟೋಗಳಿದ್ದವು: ಪದವಿಯ ನಿಲುವಂಗಿ ತೊಟ್ಟ ಗಂಡ, ಪದವಿಯ ನಿಲುವಂಗಿ ತೊಟ್ಟ ಮಗಳು. ಆ ಬೀದಿಯಲ್ಲಿ ನಿಲುವಂಗಿಯ ಫೋಟೋ ಇಲ್ಲದ ಗೋಡೆಗೂ ಸೂರಿಲ್ಲದ ಮನೆಗೂ ಹೆಚ್ಚು ವ್ಯತ್ಯಾಸವಿಲ್ಲ. ಎರಡೂ ನಿಲುವಂಗಿಗಳಿಗೆ ಇಸ್ತ್ರಿ ಹಾಕಿದವರು ಲಮುನ್. ಮೂರನೆಯ ಮೊಳೆ ಬಹಳ ಹಿಂದೆಯೇ ಹೊಡೆದಾಗಿತ್ತು. ಅದಕ್ಕೆ ಅಕ್ಕಿ ಅಂಗಡಿಯ ಕ್ಯಾಲೆಂಡರ್ ನೇತಾಡುತ್ತಿತ್ತು. ಅಂದು ಸಂಜೆ ಲಮುನ್ ಅದರ ಮುಂದೆ ನಿಂತು, ಯಾವ ತಾರೀಖನ್ನೂ ನೋಡದೆ, ಬಹಳ ಹೊತ್ತು ನೋಡಿದರು. ವಿಚಿತ್ ಊಟ ಅರ್ಧಕ್ಕೇ ಬಿಟ್ಟು ಕಚೇರಿಗೆ ತೊಡುತ್ತಿದ್ದ ಹಳೆಯ ಅಂಗಿ ಹುಡುಕತೊಡಗಿದರು.

ಮರುವಾರ ದಂಪತಿಗಳು ದೋಣಿ ಹತ್ತಿ, ನಿಯಮದಿಂದ ವಿನಾಯಿತಿ ಕೇಳಲು ಕಚೇರಿಗೆ ಹೋದರು. ವಿಚಿತ್ ಅವರ ಹಳೆಯ ಕುರ್ಚಿಯಲ್ಲಿ, ಒಂದು ಕಾಲದಲ್ಲಿ ಅವರಿಂದ ಕರಡು ತಿದ್ದಿಸಿಕೊಂಡು ಕಣ್ಣೀರು ಹಾಕಿದ್ದ ಕನಿತ್ತಾ ಕುಳಿತಿದ್ದಳು. ಎದ್ದು, ಕೈಮುಗಿದು, ಅಷ್ಟೇ ವಿನಯದಿಂದ ಬಾಗಿಲು ಮುಚ್ಚಿಬಿಟ್ಟಳು; ಮರದ ಬಾಗಿಲಲ್ಲ, ಇನ್ನೊಂದು.

“ವಿನಾಯ್ತಿ ಅಂದ್ರೆ ಕಳ್ಳಗಿಂಡಿ ಅಂತ ನಂಗೆ ಹೇಳ್ಕೊಟ್ಟೋರು ನೀವೇ ಅಲ್ವಾ ಸರ್?”

“ಅದು... ಆಗಿನ ಸಂದರ್ಭ...”

“ಸಂದರ್ಭ ಅನ್ನೋದು ಸೋಮಾರಿಗಳ ನಿಘಂಟಿನ ಪದ ಅಂತಾನೂ ಹೇಳಿದ್ರಿ.” ಆಕೆ ಲಮುನ್ ಕಡೆ ತಿರುಗಿದಳು. “ಅಮ್ಮಾ, ನೀವು ಕಲ್ತಿರೋ ಪಾಠ ನೋಡಿ: ಹಲ್ಲಿಲ್ಲದವ್ರಿಗೆ ಮೆತ್ತನೆ ಅಡುಗೆ, ಕಿವಿ ಮಂದ ಆದೋರ ಜೊತೆ ಸಂಭಾಷಣೆ, ಕಾರ್ಮಿಕ ವಿವಾದ ಪರಿಹಾರ, ಕಚೇರಿ ಪತ್ರವ್ಯವಹಾರ, ಪ್ರವಾಹ ಬಂದಾಗ ವಿಪತ್ತು ನಿರ್ವಹಣೆ. ಇದಕ್ಕೆಲ್ಲ ಏನಮ್ಮಾ ಸಂಬಂಧ?”

ಲಮುನ್ ಸ್ವಲ್ಪ ಯೋಚಿಸಿದರು. ಆಮೇಲೆ ಗಂಡನ ಕಡೆ ಬೆರಳು ತೋರಿಸಿದರು.

“ಇವ್ರು.”

“ಏನಂದೆ?” ಎಂದರು ವಿಚಿತ್.

“ಕಿವಿ ಪಾಠ, ನೋಡಮ್ಮಾ. ಹಲ್ಲಿನದು ಹೇಳೋದೇ ಬೇಡ. ರಿಟೈರ್ ಆಗಿ ಮನೇಲಿ ಕೂತ ದಿನದಿಂದ ಉಪ್ಪಿನ ಡಬ್ಬಿ ಜಾಗ ಬದ್ಲಾಯಿಸ್ಬೇಕು ಅಂದ್ರೂ ಇವ್ರಿಗೆ ಅರ್ಜಿ ಕೊಡ್ಬೇಕು; ಅದಕ್ಕೆ ಪತ್ರವ್ಯವಹಾರ. ಅರ್ಜಿ ತಿರಸ್ಕಾರ ಆದ್ರೆ ವಿವಾದ ಪರಿಹಾರ.”

“ಪ್ರವಾಹ?”

“ಇವ್ರ ಬಾಯಿ.”

ವಿಚಿತ್ ಎದ್ದು ನಿಂತರು. “ಇದು ಶುದ್ಧ ಸುಳ್ಳು! ಮನೇಲಿ ನಾನು ಯಾವತ್ತೂ ಅರ್ಜಿ ಕೇಳಿಲ್ಲ! ಈ ಆರೋಪಾನ ಮೊದ್ಲು ಬರವಣಿಗೇಲಿ ಕೊಡು!”

ಕನಿತ್ತಾ ಪೆನ್ನು ಕೈಗೆತ್ತಿಕೊಂಡಳು. ಪಂಖ ಕೂಡ ಒಂದು ಸುತ್ತು ತಪ್ಪಿದಂತೆ ಅನಿಸಿತು.

“ಸುಸಂಗತ,” ಎಂದು ಕನಿತ್ತಾ ನಿಧಾನವಾಗಿ ಬರೆದುಕೊಂಡಳು. “ವಿಷಯ: ನಿವೃತ್ತ ಅಧಿಕಾರಿಯ ಗೃಹ ನಿರ್ವಹಣೆ. ಜೀವಂತ ಪುರಾವೇನ ಮಾತ್ರ ಮನೆಗೇ ಬಂದು ಒಂದ್ಸಲ ನೋಡ್ಬೇಕಾಗತ್ತೆ ಸರ್. ನಿಮ್ಮದೇ ನಿಯಮ.”

ಹಿಂದಿರುಗುವ ದೋಣಿಯಲ್ಲಿ ವಿಚಿತ್ ನದಿಯನ್ನು ನೋಡುತ್ತಾ ಕುಳಿತರು. ರಾಷ್ಟ್ರಕ್ಕೆ ಒಂದು ಜೀವಮಾನ ಸೇವೆ ಸಲ್ಲಿಸಿ ಕಡೆಗೆ ಪ್ರವಾಹವಾಗಿ ದಾಖಲಾಗುವುದೇ! ಇದಕ್ಕೊಂದೇ ಪ್ರತೀಕಾರ: ಒಳ್ಳೆಯವರಾಗಿಬಿಡುವುದು. ಮರುದಿನದಿಂದ ಅವರು ಉಪ್ಪು ಎಂದರೆ ಉಪ್ಪು, ಸಪ್ಪೆ ಎಂದರೆ ಸಪ್ಪೆ ಉಂಡರು. ಕಡೆಗೊಂದು ಬೆಳಿಗ್ಗೆ ತಟ್ಟೆಯನ್ನೂ ತಾವೇ ತೊಳೆದರು. ಲಮುನ್ ಗಾಬರಿಯಾದರು.

“ರೀ, ಏನ್ರೀ ಇದು? ನಾಳೆ ಕನಿತ್ತಾ ಬರ್ತಾಳೆ. ನೀವು ಹೀಗೆ ದೇವ್ರಂಗೆ ಕೂತ್ರೆ ನನ್ನ ಪದವಿ ಗತಿ ಏನು?”

“ಬೈದ್ರೂ ತಪ್ಪು, ಬೈಯದಿದ್ರೂ ತಪ್ಪಾ?”

“ಒಂದೇ ಒಂದು ದಿನ ನಿಮ್ಮಂಗೆ ಇರಿ. ಅಷ್ಟೇ ನಾನು ಕೇಳೋದು.” ಅವರ ಕಣ್ಣು ಕ್ಯಾಲೆಂಡರಿನ ಕಡೆ ಹೋಯಿತು. “ಇಷ್ಟು ವರ್ಷ ನಾನು ಕೇಳದೇನೇ ಹಾಗಿದ್ರಲ್ಲ.”

ಮರುದಿನ ಕನಿತ್ತಾ ಊಟಕ್ಕೇ ಬಂದಳು. ಹುಳಿ ಮೀನಿನ ಸಾರು ಬಡಿಸಿದ್ದಾಯಿತು. ವಿಚಿತ್ ಒಂದು ಚಮಚ ಬಾಯಿಗಿಟ್ಟರು. ದುರ್ದೈವವೆಂದರೆ, ಇಷ್ಟು ವರ್ಷದ ಸಂಸಾರದಲ್ಲಿ ಅಂಥ ಸಾರನ್ನು ಅವರು ಉಂಡಿರಲಿಲ್ಲ. ಹುಣಸೆ, ಮೆಣಸಿನಕಾಯಿ, ಬೆಲ್ಲ ಒಂದನ್ನೊಂದು ಕೈಹಿಡಿದು ನಿಂತಿದ್ದವು, ಸುಸಂಗತವೆಂದರೆ ಅದು. ಲಮುನ್ ಬಾಗಿಲ ಮರೆಯಿಂದ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು: ಬೈಯಿರಿ!

“ಹೇಗಿದೆ ಸರ್?”

ವಿಚಿತ್ ಬಾಯಿ ತೆರೆದರು. ಬೈಗುಳ ಬರಲಿಲ್ಲ. ಅವರು ಏನಾದರೂ ಆಗಿರಬಹುದು, ಸುಳ್ಳುಗಾರರಲ್ಲ.

“ಚೆನ್ನಾಗಿದೆ,” ಎಂದರು, ಗಲ್ಲಿಗೇರುವವರ ದನಿಯಲ್ಲಿ.

ಕನಿತ್ತಾಳ ಪೆನ್ನು ನಿಂತಿತು. ಲಮುನ್ ಅವರ ಮುಖ ಬಾಡಿತು.

“ಆದ್ರೆ ಒಂದು ಸ್ಪಷ್ಟನೆ,” ವಿಚಿತ್ ಅವರಿಗೆ ತಡೆಯಲಾಗಲಿಲ್ಲ. “ಇದು ನನ್ನ ವೈಯಕ್ತಿಕ ಅಭಿಪ್ರಾಯ. ಅಧಿಕೃತ ಅಂತ ಯಾರೂ ಉಲ್ಲೇಖಿಸತಕ್ಕದ್ದಲ್ಲ. ಮತ್ತೆ, ನೀನು ‘ನಿರ್ವಹಣೆ’ ಬರೆದಿರೋದ್ರಲ್ಲಿ ಒತ್ತು ತಪ್ಪಾಗಿದೆ.”

“ಪುರಾವೆ ಸಮರ್ಪಕ,” ಎಂದು ಬರೆದು ಕನಿತ್ತಾ ಸಾರನ್ನು ಎರಡನೆಯ ಸಲ ಹಾಕಿಸಿಕೊಂಡಳು.

ಈಗ ಮೂರನೆಯ ಮೊಳೆಗೆ ಕ್ಯಾಲೆಂಡರ್ ಇಲ್ಲ. ನಿಲುವಂಗಿ ತೊಟ್ಟ ಲಮುನ್, ಅಲ್ಲಿನ ಪದವೀಧರರ ರೂಢಿಯಂತೆ, ಕೈತುಂಬ ಹೂವು, ಬಗಲಲ್ಲಿ ಗೊಂಬೆ ಕರಡಿ ಹಿಡಿದು ನಗುತ್ತಿದ್ದಾರೆ. ಕೆಳಗೆ ಪದವಿಯ ವಿಷಯವನ್ನು ಚಿನ್ನದ ಅಕ್ಷರಗಳಲ್ಲಿ ಬರೆಸಿದ್ದಾರೆ. ನಿಲುವಂಗಿಗೆ ಇಸ್ತ್ರಿ ಹಾಕಿದವರು ವಿಚಿತ್. ಮನೆಗೆ ಬಂದವರೆಲ್ಲ ಮೊದಲು ಆ ಅಕ್ಷರಗಳನ್ನು ಓದುತ್ತಾರೆ, ಆಮೇಲೆ ಮೂಲೆಯ ಕುರ್ಚಿಯ ಕಡೆ ತಿರುಗಿ ತಪ್ಪದೆ ಕೇಳುತ್ತಾರೆ:

“ಓಹೋ, ಇವ್ರೇ ಏನು?”