ಮಿದುಳಿನ ಪುಡಿಯೂ ಊಟದ ಕೋಣೆಯ ಕ್ಯಾಲೆಂಡರೂ

ಮರೆವು ನನಗೆ ಮೊದಲಿನಿಂದಲೂ ಇದೆ. ಅದನ್ನು ಒಪ್ಪಿಕೊಳ್ಳುವ ಗುಣ ಮಾತ್ರ ಇಲ್ಲ. ತಮಿಳುನಾಡಿನ ಸೂಲೂರಿನ ಗಿರಣಿಯೊಂದರಲ್ಲಿ ಏಳು ವರ್ಷದಿಂದ ಎಂಜಿನಿಯರ್ ಆಗಿರುವ ನಾನು ಒಂದು ರಜೆಯ ದಿನ ಕೆಲಸಕ್ಕೆ ಹೋಗಿ, ಯಾರೂ ಬಂದಿಲ್ಲವೆಂದು ಕಾವಲುಗಾರನಿಗೆ ಬೈದು ಬಂದೆ. ಮಿದುಳು ಸವೆಯುತ್ತಿದೆ ಎಂದು ಹೆದರಿ, ಸಹೋದ್ಯೋಗಿಯೊಬ್ಬ ಮಾರುತ್ತಿದ್ದ 'ಮಿದುಳು ಬೆಳೆಸುವ ಪ್ರೋಟೀನ್' ಪುಡಿ ಕೊಂಡೆ. ಸುಣ್ಣಕ್ಕೆ ಸಕ್ಕರೆ ಬೆರೆಸಿದ ರುಚಿ.

ಗಿರಣಿಯ ಡಾಕ್ಟರು ಡಬ್ಬಿ ನೋಡಿ ನಕ್ಕರು. ನರಕೋಶಗಳನ್ನು ಪೋಷಿಸಿ, ಅವುಗಳ ನಡುವೆ ಹೊಸ ಕೊಂಡಿ ಬೆಸೆಯಲು ನೆರವಾಗುವ ಪ್ರೋಟೀನನ್ನು ಮಿದುಳೇ ತಯಾರಿಸಿಕೊಳ್ಳುತ್ತದಂತೆ. ನುಂಗಿದ್ದೆಲ್ಲ ಬೇಳೆಯ ಹಾಗೆ ಹೊಟ್ಟೆಯಲ್ಲೇ ಕರಗುತ್ತದಂತೆ. "ಅದು ಹೆಚ್ಚಬೇಕಾದರೆ ದಿನಾ ನಡೀರಿ, ನಿದ್ದೆ ಮಾಡಿ, ಹೊಸದೇನಾದರೂ ಕಲೀರಿ. ತಮಿಳು ಓದೋಕೆ ಬರುತ್ತಾ?" ಎಂದರು. ಬಸ್ಸಿನ ನಂಬರ್ ನೋಡಿಯೇ ಏಳು ವರ್ಷ ಬದುಕಿದ ಎಂಜಿನಿಯರ್ ಈಗ ಒಂದನೇ ತರಗತಿಗೆ ಕೂರಬೇಕೇ?

ನನ್ನ ತಪ್ಪೆಂದರೆ ಇದನ್ನು ನನ್ನ ಬಾಡಿಗೆ ಮನೆಯ ಒಡತಿ ರಂಗಮ್ಮಾಳ್ ಎದುರು ಹೇಳಿದ್ದು. ನನಗೆ ಊಟವೂ ಅವರ ಮನೆಯದೇ. ತಲೆಮಾರುಗಳಿಂದ ಇಲ್ಲೇ ಬೇಸಾಯ ಮಾಡುತ್ತಿರುವ ಕನ್ನಡದವರು. ಮಾತು ಕನ್ನಡ, ಓದುಬರಹ ತಮಿಳು. ಕನ್ನಡದ ಒಂದಕ್ಷರವೂ ಆ ಮನೆಯಲ್ಲಿ ಯಾರಿಗೂ ಬಾರದು.

"ಹಂಗಾರೆ ನಂಗೆ ಕನ್ನಡ ಎಳುತ್ತು, ಅದೇ ಅಕ್ಷರ, ಹೇಳ್ಕೊಡು ತಂಬಿ. ನಾ ನಿಂಗೆ ತಮಿಳು ಹೇಳ್ಕೊಡ್ತೀನಿ," ಎಂದರು. ಅರವತ್ತೆಂಟನೇ ವಯಸ್ಸಿನಲ್ಲಿ! ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಒಳಗೊಳಗೇ ನಗುತ್ತ ವರ್ಣಮಾಲೆ ಬರೆದುಕೊಟ್ಟೆ. ನಾಲ್ಕನೇ ದಿನಕ್ಕೆ ನಾನು ತಮಿಳು ಬಿಟ್ಟೆ. ಅವರು ಮಾತ್ರ ದಿನಾ ಬೆಳಿಗ್ಗೆ ಒಂದು ಸುತ್ತು ನಡೆದು ಬಂದು, ಬಾಗಿಲಲ್ಲಿ ರಂಗೋಲಿಯ ಜೊತೆಗೆ ಅ, ಆ ಬಿಡಿಸತೊಡಗಿದರು. ನೋಡಿದರೆ ಕೋಳಿ ಕೆದರಿದ ಹಾಗಿತ್ತು.

ಮರೆಯಬಾರದ್ದನ್ನೆಲ್ಲ ಅವರ ಊಟದ ಕೋಣೆಯ ಕ್ಯಾಲೆಂಡರಿನಲ್ಲೇ ಬರೆಯುವುದು ನನ್ನ ರೂಢಿ. ಕನ್ನಡದಲ್ಲಿ ಬರೆದರೆ ಆ ಮನೆಯಲ್ಲಿ ಓದುವವರು ಯಾರು ಎಂಬ ಧೈರ್ಯದಲ್ಲಿ ಮನಸ್ಸಿಗೆ ಬಂದದ್ದನ್ನೂ ಗೀಚುತ್ತಿದ್ದೆ.

ಮೂರು ತಿಂಗಳಾಗಿರಬೇಕು. ಬಡಿಸುತ್ತಿದ್ದ ರಂಗಮ್ಮಾಳ್ ಸೌಟು ಕೆಳಗಿಟ್ಟು, ಕ್ಯಾಲೆಂಡರಿನ ಮೇಲೆ ಬೆರಳಿಟ್ಟರು. "ಸಾಂ... ಬಾ... ರು... ನೀ... ರು." ಬೆರಳು ಮುಂದಿನ ಪದಕ್ಕೆ ಸರಿಯಿತು. "ಮು... ದು... ಕಿ... ಗೆ... ಅಕ್ಷರ ಹ... ತ್ತ... ದು." ಅದನ್ನು ಬರೆದದ್ದನ್ನೇ ನಾನು ಮರೆತಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಹತ್ತಿತು, ಪಾರು, ನೋಡು ತಂಬಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನನಗೆ ಹೆದರಿಕೆಯಾದದ್ದೇ ಅದಕ್ಕೆ. ಪೆನ್ನು ತೆಗೆದು, ನನ್ನ ಸಾಲಿನ ಕೆಳಗೆ ತಮಿಳಿನಲ್ಲಿ ಉದ್ದಕ್ಕೆ ಏನೋ ಬರೆದರು. "ಇದನ್ನ ನೀ ಓದು. ಓದೋವರೆಗೂ ಸಾಂಬಾರು ಇದೇ."

ಅದು ಬೈಗುಳವೋ, ಮನೆ ಖಾಲಿ ಮಾಡೆಂಬ ನೋಟೀಸೋ ತಿಳಿಯದು. ಇನ್ನೊಬ್ಬರಿಂದ ಓದಿಸಲು ಮರ್ಯಾದೆ ಬಿಡುವುದಿಲ್ಲ. ಹದಿನೈದು ದಿನವಾಯಿತು, ಮೂರಕ್ಷರ ಬಿಡಿಸಿದ್ದೇನೆ. ಸಾಂಬಾರು ದಿನೇ ದಿನೇ ಇನ್ನೂ ತೆಳ್ಳಗಾಗುತ್ತಿದೆ.